ಡಿಸ್ಟ್ರಿಬ್ಯೂಟರ್ ತಿರುಗಿಸುವ ಮುನ್ನ: ಹಳೆಯ ಕಾರಿನ ಮಿಸ್ಸಿಂಗ್ ಮತ್ತು ಟೈಮಿಂಗ್

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಮತ್ತು ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸಿಲಿಂಡರುಗಳಿಗೆ ಸರದಿಯಂತೆ ಹಂಚುವ ಭಾಗ) ಇರುವ ಹಳೆಯ ಪೆಟ್ರೋಲ್ ಕಾರುಗಳ ಬಗ್ಗೆ. ಸ್ಕ್ಯಾನರ್ ಚುಚ್ಚಿದ ಕೂಡಲೇ ದೋಷ ಇಂಥಲ್ಲಿದೆ ಎಂದು ತೋರಿಸುವ ಕಂಪ್ಯೂಟರ್ ಇವುಗಳಲ್ಲಿ ಇಲ್ಲ. ಮಲ್ಟಿಮೀಟರ್, 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಫೀಲರ್ ಗೇಜ್ (ಸಣ್ಣ ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ಡ್ವೆಲ್ ಮೀಟರ್, ಟೈಮಿಂಗ್ ಲೈಟ್ (ಕಿಡಿ ಹೋದಾಗಲೆಲ್ಲ ಮಿನುಗುವ ದೀಪ), ಕಂಪ್ರೆಷನ್ ಗೇಜ್ ಇಷ್ಟಿದ್ದರೆ ಸಾಕು. ಆದರೆ ಇವುಗಳನ್ನು ಯಾವ ಕ್ರಮದಲ್ಲಿ ಬಳಸುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಇಂಜಿನ್ ಮಿಸ್ ಹೊಡೆಯುತ್ತಿದೆ, ಅಂದರೆ ಯಾವುದೋ ಸಿಲಿಂಡರ್ ಆಗಾಗ ಉರಿಯದೆ ತಪ್ಪುತ್ತಿದೆ, ಎಂದ ತಕ್ಷಣ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ ಅತ್ತಿತ್ತ ತಿರುಗಿಸಿ ನೋಡುವವರು ಬಹಳ. ಅದು ಕೊನೆಗೆ ಮಾಡಬೇಕಾದ ಕೆಲಸ. ನಿನ್ನೆವರೆಗೆ ಸರಿಯಾಗಿ ಓಡಿದ ಕಾರಿನ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ತನ್ನಷ್ಟಕ್ಕೆ ಕೆಡುವುದಿಲ್ಲ. ಏನೋ ಸವೆದಿರುತ್ತದೆ, ಇಲ್ಲವೇ ಸಡಿಲಾಗಿರುತ್ತದೆ, ಇಲ್ಲವೇ ಹರಿದಿರುತ್ತದೆ. ಅದರ ಫಲವಾಗಿ ಟೈಮಿಂಗ್ ಸರಿದಿರುತ್ತದೆ. ಕಾರಣವನ್ನು ಹಾಗೇ ಬಿಟ್ಟು ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಐಡ್ಲಿಂಗ್ ಸ್ವಲ್ಪ ಸುಧಾರಿಸಿದಂತೆ ಕಾಣಬಹುದು. ಆಮೇಲೆ ಮೂಲ ದೋಷದ ಜೊತೆಗೆ ತಪ್ಪು ಟೈಮಿಂಗ್ ಕೂಡ ಸೇರಿ, ಒಂದಿದ್ದ ತೊಂದರೆ ಎರಡಾಗುತ್ತದೆ.

ಟೈಮಿಂಗ್ ಯಾಕೆ ಇಷ್ಟು ಸೂಕ್ಷ್ಮ ಎನ್ನುವುದಕ್ಕೆ ಚಿಕ್ಕದೊಂದು ಲೆಕ್ಕ ನೋಡೋಣ. ಕಿಡಿ ಹಾರಿದ ಮೇಲೆ ಮಿಶ್ರಣ ಉರಿದು ಒತ್ತಡ ತುದಿ ಮುಟ್ಟಲು ಸುಮಾರು 2ರಿಂದ 3 ಮಿಲಿಸೆಕೆಂಡು ಬೇಕು. ಪಿಸ್ಟನ್ ತನ್ನ ಮೇಲ್ತುದಿಯನ್ನು, ಅಂದರೆ ಟಿಡಿಸಿಯನ್ನು ದಾಟಿ 15 ಡಿಗ್ರಿಯ ಆಸುಪಾಸಿನಲ್ಲಿ ಇರುವಾಗ ಆ ಒತ್ತಡ ಬಿದ್ದರೆ ಕೆಲಸಕ್ಕೆ ಬರುತ್ತದೆ. 900 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 5.4 ಡಿಗ್ರಿ ತಿರುಗುತ್ತದೆ. 3000 ಆರ್‌ಪಿಎಂನಲ್ಲಿ ಅದೇ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ. ಉರಿಯಲು ಬೇಕಾದ ಸಮಯ ಹೆಚ್ಚೇನೂ ಬದಲಾಗುವುದಿಲ್ಲ, ಕ್ರ್ಯಾಂಕ್ ಮಾತ್ರ ಮೂರು ಪಟ್ಟಿಗೂ ಮೀರಿ ವೇಗವಾಗಿ ಓಡುತ್ತಿರುತ್ತದೆ. ಅದಕ್ಕೇ ವೇಗ ಹೆಚ್ಚಿದಂತೆ ಕಿಡಿ ಮುಂಚೆ ಮುಂಚೆ ಬರಬೇಕು. ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ತುಂಡುಗಳು ಮತ್ತು ಸ್ಪ್ರಿಂಗ್ ಮಾಡುವ ಕೆಲಸ ಇದು. ಆಕ್ಸಿಲರೇಟರ್ ಅರ್ಧ ಮಾತ್ರ ಒತ್ತಿದಾಗ ಸಿಲಿಂಡರಿನಲ್ಲಿ ಮಿಶ್ರಣ ವಿರಳವಾಗಿ, ಇನ್ನೂ ನಿಧಾನವಾಗಿ ಉರಿಯುತ್ತದೆ. ಆಗ ಇನ್ನಷ್ಟು ಅಡ್ವಾನ್ಸ್ ಕೊಡಲು, ಅಂದರೆ ಕಿಡಿಯನ್ನು ಇನ್ನೂ ಮುಂಚೆ ತರಲು, ಇಂಜಿನ್ನಿನ ಎಳೆತದಿಂದ ನಡೆಯುವ ವ್ಯಾಕ್ಯೂಮ್ ಡಯಾಫ್ರಮ್ ಇದೆ. ಅಮೆರಿಕದ ಇಂಜಿನಿಯರ್ ಚಾರ್ಲ್ಸ್ ಕೆಟರಿಂಗ್ 1910ರ ಮಾದರಿಯ ಕ್ಯಾಡಿಲಾಕ್‌ಗೆ ರೂಪಿಸಿದ ಬ್ಯಾಟರಿ ಮತ್ತು ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಭಾಗ) ಪದ್ಧತಿಯೇ ಮುಂದೆ ಹಲವು ದಶಕ ನಡೆಯಿತು. ಹಾಗಾಗಿ ಒಂದು ಕಾರಿನಲ್ಲಿ ಇದನ್ನು ಸರಿಯಾಗಿ ಅರಿತರೆ ಬೇರೆ ಕಾರಿನ ಬಾನೆಟ್ ಎತ್ತಿದಾಗಲೂ ದಾರಿ ತಪ್ಪುವುದಿಲ್ಲ.

ಯಾವಾಗ ಮಿಸ್ ಹೊಡೆಯುತ್ತದೆ?

ಪಾನಾ ಹಿಡಿಯುವ ಮೊದಲು ಕಾರು ಓಡಿಸುವವರನ್ನು ವಿಚಾರಿಸಿ. ಐಡ್ಲಿಂಗ್‌ನಲ್ಲಿ ಮಾತ್ರವೋ, ಏರು ಹತ್ತುವಾಗಲೋ, ಹೆಚ್ಚು ವೇಗದಲ್ಲೋ? ತಣ್ಣಗಿದ್ದಾಗಲೋ, ಅರ್ಧ ಗಂಟೆ ಓಡಿದ ಮೇಲೋ? ಮಳೆಯಲ್ಲಿ ಮಾತ್ರವೋ? ಈ ಉತ್ತರಗಳೇ ಅರ್ಧ ಕೆಲಸ ಮುಗಿಸಿಕೊಡುತ್ತವೆ.

ಏರಿನಲ್ಲಿ ಅಥವಾ ಟಾಪ್ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮಿಸ್ ಹೊಡೆದು, ಕಾಲು ಸಡಿಲಿಸಿದರೆ ನಿಲ್ಲುತ್ತದೆ ಎಂದರೆ ಮೊದಲ ಅನುಮಾನ ಹೈ ಟೆನ್ಷನ್ ಭಾಗದ ಮೇಲೆ, ಅಂದರೆ ಕಾಯಿಲಿನಿಂದ ಪ್ಲಗ್ಗಿನವರೆಗೆ ಕಿಡಿ ಸಾಗುವ ದಾರಿಯ ಮೇಲೆ. ಸಿಲಿಂಡರಿನ ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ಗಿನಲ್ಲಿ ದಾಟುವುದಕ್ಕಿಂತ ಡಿಸ್ಟ್ರಿಬ್ಯೂಟರಿನ ಬಿರುಕುಬಿಟ್ಟ ಮುಚ್ಚಳದಲ್ಲೋ (ಕ್ಯಾಪ್) ಸವೆದ ವೈರಿನಲ್ಲೋ ಸೋರಿಹೋಗುವುದು ಸುಲಭವಾದಾಗ ಕಿಡಿ ಆ ದಾರಿಯನ್ನೇ ಹಿಡಿಯುತ್ತದೆ. ಐಡ್ಲಿಂಗ್‌ನಲ್ಲಿ ಮಾತ್ರ ಒಂದೇ ತಾಳದಲ್ಲಿ ಬೀಳುವ ಮಿಸ್, ವೇಗ ಹೆಚ್ಚಿದಂತೆ ಮರೆಯಾದರೆ, ಗಾಳಿ ಸೋರಿಕೆ, ಸುಟ್ಟ ವಾಲ್ವ್ ಅಥವಾ ಬಿಗಿಯಾದ ಟ್ಯಾಪೆಟ್ ಕಡೆ ನೋಡಬೇಕು. ಹೆಚ್ಚು ವೇಗದಲ್ಲಿ ಮಾತ್ರ ಬರುವ ಮಿಸ್‌ಗೆ ಪಾಯಿಂಟಿನ (ಕಾಯಿಲಿನ ಕರೆಂಟನ್ನು ಕಡಿಯುವ ಸ್ವಿಚ್) ಸ್ಪ್ರಿಂಗ್ ಸೋತಿರುವುದು, ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) ಕಡಿಮೆ ಇರುವುದು, ಇಲ್ಲವೇ ಪೆಟ್ರೋಲ್ ಸಾಕಷ್ಟು ಬಾರದಿರುವುದು ಕಾರಣ. ಬಿಸಿಯಾದ ಮೇಲೆ ಶುರುವಾಗಿ, ಕಾರು ನಿಲ್ಲಿಸಿ ತಣಿದ ಮೇಲೆ ಸರಿಹೋಗುವ ಮಿಸ್ ಹೆಚ್ಚಾಗಿ ಕಾಯಿಲ್ ಅಥವಾ ಕಂಡೆನ್ಸರಿನದು (ಪಾಯಿಂಟ್ ಸುಡದಂತೆ ಕಾಯುವ ಕೆಪಾಸಿಟರ್). ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಅದರ ಮಾಡ್ಯೂಲ್ ಅಥವಾ ಪಿಕಪ್ ಕಾಯಿಲ್.

ಇನ್ನೊಂದು ಸೂಚನೆ ಸ್ವಲ್ಪ ಅಪರೂಪ, ಆದರೆ ನೆನಪಿಡಲೇಬೇಕಾದದ್ದು. ಸೆಲ್ಫ್ ಹೊಡೆಯುವಾಗ ಇಂಜಿನ್ ಹತ್ತಿ, ಕೀ ಬಿಟ್ಟ ಮರುಕ್ಷಣ ನಿಂತುಹೋದರೆ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ಭಾಗ) ತುಂಡಾಗಿದೆಯೇ ನೋಡಿ. ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಅದನ್ನು ಬಳಸಿಕೊಳ್ಳದೆ ನೇರವಾಗಿ ಕರೆಂಟ್ ಹೋಗುತ್ತದೆ, ಕೀ ಬಿಟ್ಟಾಗ ಅದರ ಮೂಲಕ ಹೋಗಬೇಕು.

ಒಂದೇ ಸಿಲಿಂಡರೋ, ಎಲ್ಲವೋ?

ಮುಂದಿನ ಪ್ರಶ್ನೆ ಇದು. ಕಾಯಿಲ್, ಪಾಯಿಂಟ್, ಕಂಡೆನ್ಸರ್, ರೋಟರ್ (ಕ್ಯಾಪ್ ಒಳಗೆ ತಿರುಗುತ್ತ ಕಿಡಿ ಹಂಚುವ ತೋಳು), ಕಾರ್ಬುರೇಟರ್ ಇವು ಎಲ್ಲ ಸಿಲಿಂಡರಿಗೂ ಸೇರಿದ್ದು. ಪ್ಲಗ್, ಅದರ ವೈರ್, ಕ್ಯಾಪ್‌ನ ಆ ಒಂದು ತುದಿ, ವಾಲ್ವ್, ರಿಂಗ್ ಇವು ಆಯಾ ಸಿಲಿಂಡರಿನವು. ಮಿಸ್ ಸದಾ ಒಂದೇ ಸಿಲಿಂಡರಿನಲ್ಲಿ ಇದೆ ಎಂದಾದರೆ ಕಾಯಿಲ್ ಬದಲಿಸುವುದು ವ್ಯರ್ಥ. ಸಿಲಿಂಡರಿನಿಂದ ಸಿಲಿಂಡರಿಗೆ ಅಲೆಯುತ್ತಿದ್ದರೆ ಪ್ಲಗ್ ಬದಲಿಸುವುದು ವ್ಯರ್ಥ.

ಗೊತ್ತುಮಾಡಿಕೊಳ್ಳುವ ದಾರಿ ಹೀಗೆ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗನ್ನು 1000 ಆರ್‌ಪಿಎಂಗೆ ಏರಿಸಿ, ಟ್ಯಾಕೋಮೀಟರ್ ಕಣ್ಣೆದುರಿಗಿರಲಿ. ಒಂದೊಂದೇ ಪ್ಲಗ್ಗಿನ ವೈರನ್ನು ರಬ್ಬರ್ ಹಿಡಿಕೆಯ ಇಕ್ಕಳದಿಂದ ಬಿಡಿಸಿ ಬಾಡಿಗೆ (ಕಾರಿನ ಲೋಹದ ಮೈಗೆ) ಅರ್ತ್ ಮಾಡಿ. ಒಳ್ಳೆಯ ಸಿಲಿಂಡರನ್ನು ಬಿಡಿಸಿದಾಗ ವೇಗ ಸ್ಪಷ್ಟವಾಗಿ ಇಳಿಯುತ್ತದೆ. ಕೆಟ್ಟ ಸಿಲಿಂಡರನ್ನು ಬಿಡಿಸಿದಾಗ ಇಳಿಯುವುದಿಲ್ಲ, ಇಳಿದರೂ ಸ್ವಲ್ಪವೇ. ವೈರನ್ನು ಗಾಳಿಯಲ್ಲಿ ತೂಗುಬಿಡಬಾರದು. ಕಾಯಿಲಿನ ಶಕ್ತಿಗೆ ಹೋಗಲು ದಾರಿ ಸಿಗದೆ ಅದರ ಒಳಗಿನ ಇನ್ಸುಲೇಷನ್ ತೂತಾಗುತ್ತದೆ. ಎಲೆಕ್ಟ್ರಾನಿಕ್ ಮಾಡ್ಯೂಲ್ ಇದ್ದರೆ ಅದೂ ಹೋಗಬಹುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದಿಂದ ದೂರವಿರಬೇಕು. ಕಾಯಿಲ್ ಕೊಡುವುದು ಇಪ್ಪತ್ತು ಸಾವಿರ ವೋಲ್ಟಿನ ಲೆಕ್ಕದಲ್ಲಿ.

ಟೈಮಿಂಗ್ ಲೈಟ್ ಟೈಮಿಂಗ್‌ಗೆ ಮಾತ್ರ ಎಂದುಕೊಳ್ಳಬೇಡಿ. ಅದರ ಕ್ಲಿಪ್ಪನ್ನು ಒಂದೊಂದೇ ಪ್ಲಗ್ ವೈರಿಗೆ ಹಾಕಿ ಬೆಳಕು ನೋಡಿ. ಇಂಜಿನ್ ಮಿಸ್ ಹೊಡೆದ ಹೊತ್ತಿಗೆ ಸರಿಯಾಗಿ ಬೆಳಕೂ ತಪ್ಪಿದರೆ ಆ ವೈರಿನಲ್ಲಿ ಕಿಡಿಯೇ ಹೋಗಿಲ್ಲ, ಇಗ್ನಿಷನ್ ದೋಷ. ಬೆಳಕು ತಪ್ಪದೆ ಬರುತ್ತಿದ್ದು ಸಿಲಿಂಡರ್ ಮಾತ್ರ ಸುಮ್ಮನಿದ್ದರೆ ಪ್ಲಗ್, ಮಿಶ್ರಣ ಅಥವಾ ಕಂಪ್ರೆಷನ್. ಕಾಯಿಲಿನಿಂದ ಕ್ಯಾಪ್‌ಗೆ ಬರುವ ನಡುವಿನ ವೈರಿಗೇ ಕ್ಲಿಪ್ ಹಾಕಿದಾಗಲೂ ಬೆಳಕು ತಪ್ಪಿದರೆ ದೋಷ ಪಾಯಿಂಟ್ ಮತ್ತು ಕಾಯಿಲ್ ಕಡೆಯದು. ಐದು ನಿಮಿಷದ ಈ ಪರೀಕ್ಷೆ ಎಷ್ಟೋ ಹೊಸ ಬಿಡಿಭಾಗಗಳ ಖರ್ಚನ್ನು ಉಳಿಸುತ್ತದೆ.

ದೋಷ ಒಂದೇ ಸಿಲಿಂಡರಿನದಾಗಿದ್ದು ಕಿಡಿ ಚೆನ್ನಾಗಿದ್ದರೆ ಮುಂದೆ ಹೋಗುವ ಮೊದಲು ಕಂಪ್ರೆಷನ್ ನೋಡಿ. ಎಲ್ಲ ಪ್ಲಗ್ ಬಿಚ್ಚಿ, ಇಗ್ನಿಷನ್ ಕರೆಂಟ್ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಸಿಲಿಂಡರುಗಳ ನಡುವೆ ಶೇಕಡಾ 10ರಿಂದ 15ರ ವ್ಯತ್ಯಾಸ ನಡೆಯುತ್ತದೆ. ಒಂದು ಬಹಳ ಕಡಿಮೆ ಇದ್ದರೆ ಅದಕ್ಕೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಸಮವಾಗಿ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್. ಇಂಥ ದೋಷಗಳಿಗೆ ಇಗ್ನಿಷನ್‌ನಲ್ಲಿ ಮದ್ದಿಲ್ಲ.

ಪ್ಲಗ್ಗಿನಿಂದ ರೋಟರಿನವರೆಗೆ

ಪ್ಲಗ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಇನ್ಸುಲೇಟರಿನ ಮೂಗು ತಿಳಿ ಕಂದು ಇದ್ದರೆ ಆರೋಗ್ಯ. ಒಣ ಮಸಿ ಎಂದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಒದ್ದೆಯಾದ ಎಣ್ಣೆಮಸಿ ಎಂದರೆ ರಿಂಗ್ ಅಥವಾ ವಾಲ್ವ್ ಗೈಡ್. ಬಿಳಚಿಕೊಂಡು ಗುಳ್ಳೆ ಎದ್ದಿದ್ದರೆ ಲೀನ್ (ಪೆಟ್ರೋಲ್ ಕಡಿಮೆ ಇರುವ) ಮಿಶ್ರಣ, ಅತಿಯಾದ ಅಡ್ವಾನ್ಸ್ ಅಥವಾ ಪ್ಲಗ್ಗಿನ ತಪ್ಪು ಹೀಟ್ ರೇಂಜ್ (ಅದು ಶಾಖ ಬಿಟ್ಟುಕೊಡುವ ಪ್ರಮಾಣ). ಪ್ಲಗ್ಗಿನ ಮೂಗು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850 ದಾಟಿದರೆ ಕಿಡಿಗೆ ಮುಂಚೆಯೇ ಮಿಶ್ರಣಕ್ಕೆ ಬೆಂಕಿ ಹಚ್ಚತೊಡಗುತ್ತದೆ. ಹೀಟ್ ರೇಂಜ್ ತಪ್ಪಿದರೆ ಈ ಎರಡರಲ್ಲಿ ಒಂದು ಖಚಿತ. ನಾಲ್ಕರಲ್ಲಿ ಮೂರು ಕಂದಾಗಿದ್ದು ಒಂದು ಮಾತ್ರ ಮಸಿ ಹಿಡಿದಿದ್ದರೆ ಅದು ಕಾರ್ಬುರೇಟರಿನ ತಪ್ಪಲ್ಲ. ಪಾಯಿಂಟ್ ಇರುವ ಕಾರುಗಳಿಗೆ ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಎಲೆಕ್ಟ್ರಾನಿಕ್ ಕಾರಿನ 1 ಮಿ.ಮೀ. ಗ್ಯಾಪನ್ನು ಇವಕ್ಕೆ ಇಟ್ಟರೆ ಏರಿನಲ್ಲಿ ಮಿಸ್ ಬರುವುದು ಸಹಜ.

ಮಸಿ ತೊಳೆದ ಪ್ಲಗ್ಗಿನ ನಡುವಿನ ತುದಿಗೂ ಕಬ್ಬಿಣದ ಮೈಗೂ ನಡುವೆ ಓಮ್ ಮೀಟರ್ ಇಟ್ಟರೆ ಏನೂ ತೋರಬಾರದು. ಕೆಲವೇ ಮೆಗಾ ಓಮ್ ತೋರಿಸಿದರೂ ಕರೆಂಟ್ ಅಲ್ಲೇ ಸೋರುತ್ತಿದೆ, ಎಸೆಯಿರಿ. ಹೊರಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಿನಿಂದ ಇಳಿದಿದೆ ಎಂದರ್ಥ. ಅಂಥ ಪ್ಲಗ್ಗಿನ ಜೊತೆ ರಬ್ಬರ್ ಬೂಟನ್ನೂ ಬದಲಿಸಬೇಕು, ಇಲ್ಲವಾದರೆ ಬೂಟಿನ ಒಳಗಿನ ಗೆರೆಯೇ ಹೊಸ ಪ್ಲಗ್ಗಿನ ಮೇಲೂ ದಾರಿ ಮಾಡುತ್ತದೆ.

ಕಾರ್ಬನ್ ಎಳೆಯ ವೈರುಗಳಾದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೋ ಓಮ್ ಬರಬೇಕು. ಅಳೆಯುವಾಗ ವೈರನ್ನು ಮೆಲ್ಲಗೆ ಬಾಗಿಸಿ. ಸಂಖ್ಯೆ ಜಿಗಿದಾಡಿದರೆ ಒಳಗೆ ತುಂಡಾಗಿದೆ. ವೈರನ್ನೇ ಹಿಡಿದು ಎಳೆಯುವುದರಿಂದ ಹೀಗಾಗುತ್ತದೆ, ಬೂಟನ್ನು ಹಿಡಿದು ತಿರುಚಿ ತೆಗೆಯಬೇಕು. ಕತ್ತಲಲ್ಲಿ ಇಂಜಿನ್ ಓಡಿಸಿ, ವೈರು ಮತ್ತು ಕ್ಯಾಪ್ ಮೇಲೆ ನೀರನ್ನು ತೆಳುವಾಗಿ ಸ್ಪ್ರೇ ಮಾಡಿದರೆ ಸೋರಿಕೆಯ ಜಾಗದಲ್ಲಿ ನೀಲಿ ಕಿಡಿ ಕಾಣುತ್ತದೆ. ಮಳೆಯಲ್ಲಿ ಮಾತ್ರ ಮಿಸ್ ಹೊಡೆಯುವ ಕಾರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಒಂದರ ಹಿಂದೆ ಒಂದು ಉರಿಯುವ ಎರಡು ಸಿಲಿಂಡರುಗಳ ವೈರನ್ನು ಉದ್ದಕ್ಕೂ ಒಟ್ಟಿಗೆ ಕಟ್ಟಿದ್ದರೆ ಒಂದರ ಕಿಡಿ ಇನ್ನೊಂದರಲ್ಲೂ ಹುಟ್ಟುವುದುಂಟು. ಬಿಡಿಬಿಡಿಯಾಗಿ ಇರಿಸಿ, ಅಡ್ಡ ಬಂದರೆ ಕತ್ತರಿಯ ಹಾಗೆ ದಾಟಿಸಿ.

ಕ್ಯಾಪ್ ತೆಗೆದು ಒಳಗೂ ಹೊರಗೂ ಒರೆಸಿ, ಓರೆಯಾದ ಬೆಳಕಿನಲ್ಲಿ ನೋಡಿ. ಎರಡು ತುದಿಗಳ ನಡುವೆ ಕವಲೊಡೆದ ಕಪ್ಪು ಗೆರೆ ಇದ್ದರೆ ಆ ಎರಡೂ ಸಿಲಿಂಡರ್ ಸೋಲುತ್ತವೆ. ಕೆರೆದು ತೆಗೆದರೆ ಮತ್ತೆ ಮೂಡುತ್ತದೆ, ಕ್ಯಾಪ್ ಬದಲಿಸುವುದೊಂದೇ ದಾರಿ. ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗಿನ ಮೇಲೆ ಸಲೀಸಾಗಿ ಒಳಹೊರಗೆ ಆಡಬೇಕು. ಇನ್ನು ರೋಟರ್. ಕಣ್ಣಿಗೆ ಚೆನ್ನಾಗಿಯೇ ಕಾಣುವ ರೋಟರ್ ಒಳಗೆ ತೂತಾಗಿ, ಕಿಡಿಯನ್ನು ನೇರ ಶಾಫ್ಟಿಗೆ ಇಳಿಸುತ್ತಿರಬಹುದು. ಹೊಸದರಲ್ಲೂ ಈ ದೋಷ ಇರುತ್ತದೆ. ಪರೀಕ್ಷೆ ಸರಳ: ರೋಟರನ್ನು ಅದರ ಜಾಗದಲ್ಲೇ ಬಿಟ್ಟು, ಕಾಯಿಲಿನ ದಪ್ಪ ವೈರಿನ ತುದಿಯನ್ನು ರೋಟರಿನ ಹಿತ್ತಾಳೆಯಿಂದ 3 ಮಿ.ಮೀ. ಮೇಲೆ ಇಕ್ಕಳದಲ್ಲಿ ಹಿಡಿಯಿರಿ, ಇಗ್ನಿಷನ್ ಹಾಕಿ ಪಾಯಿಂಟನ್ನು ಮರದ ಕಡ್ಡಿಯಿಂದ ತೆರೆದು ಮುಚ್ಚಿ. ಪ್ರತಿ ಸಲವೂ ದಪ್ಪ ಕಿಡಿ ರೋಟರಿಗೆ ಹಾರಿದರೆ ರೋಟರ್ ತೂತಾಗಿದೆ. ಒಳ್ಳೆಯ ರೋಟರಿನಲ್ಲಿ ಆ ಕಿಡಿಗೆ ಹೋಗಲು ದಾರಿಯೇ ಇಲ್ಲ.

ಪಾಯಿಂಟ್, ಕಂಡೆನ್ಸರ್, ಕಾಯಿಲ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಟೈಮಿಂಗ್ ಸರಿಯುವುದಕ್ಕೆ ಅತಿ ಸಾಮಾನ್ಯ ಕಾರಣ ಇರುವುದು ಇಲ್ಲೇ.

ಪಾಯಿಂಟ್ ಮುಚ್ಚಿದಾಗ ಕಾಯಿಲಿನ ಪ್ರೈಮರಿ ಸುರುಳಿಯಲ್ಲಿ ಕರೆಂಟ್ ತುಂಬುತ್ತದೆ. ತೆರೆದ ಕ್ಷಣ ಅದು ಕಡಿದು, ಸೆಕೆಂಡರಿ ಸುರುಳಿಯಲ್ಲಿ ಕಿಡಿ ಹುಟ್ಟುತ್ತದೆ. ಅಂದರೆ ಪಾಯಿಂಟ್ ತೆರೆಯುವ ಹೊತ್ತೇ ಟೈಮಿಂಗ್. ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಡಿಸ್ಟ್ರಿಬ್ಯೂಟರ್ ಶಾಫ್ಟ್ ತಿರುಗುವ ಕೋನಕ್ಕೆ ಡ್ವೆಲ್ ಎನ್ನುತ್ತಾರೆ. ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಇದು ಬಹುಮಟ್ಟಿಗೆ 50ರಿಂದ 60 ಡಿಗ್ರಿ, ಆರು ಸಿಲಿಂಡರಿಗೆ 35ರಿಂದ 40. ಪಾಯಿಂಟ್ ತೆರೆದಾಗಿನ ಗ್ಯಾಪ್ ಬಹುತೇಕ ಕಾರುಗಳಲ್ಲಿ 0.35ರಿಂದ 0.45 ಮಿ.ಮೀ. ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳುವ ಅಂಕಿಯೇ ಅಂತಿಮ.

ಪಾಯಿಂಟಿನ ಹಿಮ್ಮಡಿ, ಅಂದರೆ ಕ್ಯಾಮ್ ಮೇಲೆ ಉಜ್ಜುವ ಫೈಬರ್ ತುಂಡು, ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಡ್ವೆಲ್ ಹೆಚ್ಚಿ ಟೈಮಿಂಗ್ ರಿಟಾರ್ಡ್ ಆಗುತ್ತದೆ, ಅಂದರೆ ಕಿಡಿ ತಡವಾಗುತ್ತದೆ. ಡ್ವೆಲ್ ಒಂದು ಡಿಗ್ರಿ ಹೆಚ್ಚಿದರೆ ಟೈಮಿಂಗ್ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ ಹಿಂದೆ ಬೀಳುತ್ತದೆ. ಡ್ವೆಲ್ 54 ಇದ್ದದ್ದು 60 ಆಗಿದ್ದರೆ ಟಿಡಿಸಿಗೆ 10 ಡಿಗ್ರಿ ಮುಂಚಿನ ಟೈಮಿಂಗ್ 4ಕ್ಕೆ ಇಳಿದಿರುತ್ತದೆ. ಇಂಥ ಕಾರಿಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿ 10ಕ್ಕೆ ತಂದು, ಆಮೇಲೆ ಯಾರೋ ಪಾಯಿಂಟ್ ಬದಲಿಸಿ ಗ್ಯಾಪ್ ಸರಿ ಇಟ್ಟರೆ ಟೈಮಿಂಗ್ 16ಕ್ಕೆ ಹೋಗಿ ನಾಕಿಂಗ್ (ಇಂಜಿನ್ನಿನ ಟಕಟಕ ಬಡಿತ) ಶುರು. ಅದಕ್ಕೇ ಗ್ಯಾಪ್ ಅಥವಾ ಡ್ವೆಲ್ ಮೊದಲು, ಟೈಮಿಂಗ್ ಅದರ ಮೇಲೆ, ಕಾರ್ಬುರೇಟರ್ ಕೊನೆಗೆ. ಟೈಮಿಂಗ್ ಬದಲಿಸಿದರೆ ಡ್ವೆಲ್ ಬದಲಾಗುವುದಿಲ್ಲ. ಡ್ವೆಲ್ ಬದಲಿಸಿದರೆ ಟೈಮಿಂಗ್ ಬದಲಾಗಿಯೇ ತೀರುತ್ತದೆ.

ಓಡಿದ ಪಾಯಿಂಟಿನಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳೆಯಂಥ ಗಡ್ಡೆ ಎದ್ದಿರುತ್ತದೆ. ಫೀಲರ್ ಗೇಜ್ ಆ ಗಡ್ಡೆಯ ಮೇಲೆ ಕೂತು ಸುಳ್ಳು ಅಂಕಿ ಕೊಡುತ್ತದೆ. ಹಳೆಯ ಪಾಯಿಂಟಿಗೆ ಡ್ವೆಲ್ ಮೀಟರನ್ನೇ ನಂಬಿ. ಹೊಸ ಪಾಯಿಂಟಿನ ಮೇಲೆ ತುಕ್ಕು ಹಿಡಿಯದಿರಲು ಹಚ್ಚಿದ ಎಣ್ಣೆಯನ್ನು ಮದ್ಯಸಾರದಿಂದ ಒರೆಸಬೇಕು. ಕ್ಯಾಮ್ ಮೇಲೆ ಗ್ರೀಸ್ ತೆಳ್ಳಗಿನ ಪೊರೆಯಷ್ಟು, ರೋಟರ್ ಕೆಳಗಿನ ಫೆಲ್ಟಿಗೆ ಎರಡು ಹನಿ ಆಯಿಲ್. ಹೆಚ್ಚಾದರೆ ಹಾರಿ ಪಾಯಿಂಟಿನ ಮೇಲೆ ಬಿದ್ದು ಸುಡುತ್ತದೆ.

ಪಾಯಿಂಟ್ ನೀಲಿಗಪ್ಪಾಗಿ ಸುಟ್ಟಿದ್ದು, ತೆರೆಯುವಾಗ ದಪ್ಪ ಹಳದಿ ಕಿಡಿ ಕಂಡರೆ ಕಂಡೆನ್ಸರ್ ಒಳಗೆ ತುಂಡಾಗಿದೆ. ಕಂಡೆನ್ಸರ್ ಶಾರ್ಟ್ ಆಗಿದ್ದರೆ ಕಿಡಿಯೇ ಇರುವುದಿಲ್ಲ. ಇದರ ಅಳತೆ ಹೆಚ್ಚಾಗಿ 0.2ರಿಂದ 0.25 ಮೈಕ್ರೋಫ್ಯಾರಡ್. ಆದರೆ ತಣ್ಣಗಿರುವಾಗ ಸರಿಯಾದ ಅಂಕಿ ತೋರಿಸಿ ಬಿಸಿಯಲ್ಲಿ ಸೋಲುವ ಕಂಡೆನ್ಸರ್ ಬಹಳ. ಅನುಮಾನವಿದ್ದರೆ ಹಳೆಯದರ ವೈರ್ ಬಿಡಿಸಿ, ಒಳ್ಳೆಯದೆಂದು ಗೊತ್ತಿರುವ ಇನ್ನೊಂದನ್ನು ಹೊರಗೆ ಕಾಯಿಲಿನ ಪಾಯಿಂಟ್ ಕಡೆಯ ಟರ್ಮಿನಲ್ಲಿಗೂ ಬಾಡಿಗೂ ಜೋಡಿಸಿ ಓಡಿಸಿ ನೋಡಿ.

ಕಾಯಿಲಿನ ಪ್ರೈಮರಿ ಬ್ಯಾಲಸ್ಟ್ ಇಲ್ಲದ ಪದ್ಧತಿಯಲ್ಲಿ ಸುಮಾರು 3 ಓಮ್, ಬ್ಯಾಲಸ್ಟ್ ಇದ್ದರೆ ಸುಮಾರು 1.5 ಓಮ್. ಸೆಕೆಂಡರಿ ಸಾಮಾನ್ಯವಾಗಿ 5ರಿಂದ 15 ಕಿಲೋ ಓಮ್ ನಡುವೆ. ಬ್ಯಾಲಸ್ಟ್ ಇರುವ ಮತ್ತು ಇಲ್ಲದ ಪದ್ಧತಿಯ ಕಾಯಿಲುಗಳನ್ನು ಅದಲುಬದಲು ಮಾಡುವ ತಪ್ಪು ಎಲ್ಲೆಡೆ ಕಾಣುತ್ತದೆ. 1.5 ಓಮಿನ ಕಾಯಿಲನ್ನು ಬ್ಯಾಲಸ್ಟ್ ಇಲ್ಲದೆ ಹಾಕಿದರೆ ಕಾಯಿಲ್ ಕಾದು ಪಾಯಿಂಟ್ ಸುಡುತ್ತದೆ. 3 ಓಮಿನದನ್ನು ಬ್ಯಾಲಸ್ಟ್ ಜೊತೆ ಹಾಕಿದರೆ ಕಿಡಿ ಸೊರಗುತ್ತದೆ. ಪ್ಲಸ್ ಮೈನಸ್ ತಿರುಗುಮುರುಗಾದರೂ ಇಂಜಿನ್ ಓಡುತ್ತದೆ, ಆದರೆ ಪ್ಲಗ್ಗಿನ ಕಾದ ನಡುತುದಿಯಿಂದ ಹೊರಡಬೇಕಾದ ಕಿಡಿ ತಣ್ಣಗಿರುವ ತುದಿಯಿಂದ ಹೊರಡಬೇಕಾಗಿ, ಹೆಚ್ಚು ವೋಲ್ಟೇಜ್ ಬೇಡುತ್ತದೆ. ಏರಿನಲ್ಲಿ ಮಿಸ್ ಬರಲು ಅಷ್ಟು ಸಾಕು.

ಇನ್ನು ವೋಲ್ಟೇಜ್. ಬ್ಯಾಲಸ್ಟ್ ಇಲ್ಲದ ಕಾರಿನಲ್ಲಿ ಪಾಯಿಂಟ್ ಮುಚ್ಚಿಟ್ಟು, ಇಗ್ನಿಷನ್ ಹಾಕಿ, ಕಾಯಿಲಿನ ಪ್ಲಸ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಮೀರಿ ಕಡಿಮೆ ಇದ್ದರೆ ಇಗ್ನಿಷನ್ ಸ್ವಿಚ್ ಅಥವಾ ಯಾವುದೋ ಜಾಯಿಂಟ್ ತಿನ್ನುತ್ತಿದೆ. ಆಮೇಲೆ ಕಾಯಿಲಿನ ಮೈನಸ್‌ನಿಂದ ಬಾಡಿಗೆ ಅಳೆಯಿರಿ, 0.2 ವೋಲ್ಟಿಗಿಂತ ಹೆಚ್ಚಿದ್ದರೆ ಪಾಯಿಂಟ್ ಕೊಳಕು, ಇಲ್ಲವೇ ಡಿಸ್ಟ್ರಿಬ್ಯೂಟರಿನ ಅರ್ತ್ ಕೆಟ್ಟಿದೆ. ಬೇಸ್ ಪ್ಲೇಟಿನಿಂದ ಮೈಗೆ ಹೋಗುವ ಚಿಕ್ಕ ಹೆಣೆದ ಅರ್ತ್ ವೈರನ್ನು ಎಲ್ಲರೂ ಮರೆಯುತ್ತಾರೆ. ವ್ಯಾಕ್ಯೂಮ್ ಪ್ಲೇಟನ್ನು ಎಳೆದಾಗಲೆಲ್ಲ ಅದು ಬಾಗುತ್ತದೆ, ವರ್ಷಗಳ ಮೇಲೆ ಬಟ್ಟೆಯ ಹೊದಿಕೆಯೊಳಗೇ ತುಂಡಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕಾಲು ಅರ್ಧ ಒತ್ತಿದಾಗ, ಇಲ್ಲವೇ ಒತ್ತಿ ಬಿಟ್ಟಾಗ ಮಾತ್ರ ಇಂಜಿನ್ ಕಡಿಯುತ್ತಿದ್ದರೆ ಇದನ್ನೂ ಪಾಯಿಂಟಿನ ವೈರನ್ನೂ ಬೆರಳಿನಿಂದ ಎಳೆದು ನೋಡಿ. ಒಳಗೆ ತುಂಡಾದ ವೈರ್ ರಬ್ಬರಿನಂತೆ ಹಿಗ್ಗುತ್ತದೆ.

ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲುಗಿಸಿ. ಬುಷ್ ಸವೆದು ಶಾಫ್ಟ್ ಆಡುತ್ತಿದ್ದರೆ ಗ್ಯಾಪ್ ಪ್ರತಿ ಸುತ್ತಿನಲ್ಲೂ ಬದಲಾಗುತ್ತಿರುತ್ತದೆ, ಎಷ್ಟು ಹೊಸ ಪಾಯಿಂಟ್ ಹಾಕಿದರೂ ನಿಲ್ಲದು. ಐಡ್ಲಿಂಗ್‌ನಿಂದ 2000 ಆರ್‌ಪಿಎಂಗೆ ಏರಿಸಿದಾಗ ಡ್ವೆಲ್ 3 ಡಿಗ್ರಿಗಿಂತ ಹೆಚ್ಚು ಬದಲಾದರೆ ಬುಷ್ ಹಾಕಿಸುವ ಕಾಲ ಬಂದಿದೆ.

ಕಿಡಿಯೆಲ್ಲ ಸರಿಯಿದ್ದೂ ಮಿಸ್ ಉಳಿದಿದ್ದರೆ ಪೆಟ್ರೋಲ್ ಕಡೆ ತಿರುಗಿ. ಚೋಕ್ ಅರ್ಧ ಎಳೆದಾಗ ಓಟ ಸುಧಾರಿಸಿದರೆ ಮಿಶ್ರಣ ಲೀನ್ ಆಗಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬಿರಿದ ವ್ಯಾಕ್ಯೂಮ್ ಪೈಪ್, ಕಟ್ಟಿದ ಜೆಟ್, ಇಳಿದ ಫ್ಲೋಟ್ ಮಟ್ಟ ಇವನ್ನು ನೋಡಬೇಕು. ವ್ಯಾಕ್ಯೂಮ್ ಅಡ್ವಾನ್ಸ್ ಡಯಾಫ್ರಮ್ ಹರಿದಿದ್ದರೆ ಅದೊಂದೇ ಗಾಳಿಯನ್ನೂ ಸೋರಿಸುತ್ತದೆ, ಅಡ್ವಾನ್ಸನ್ನೂ ಕಳೆಯುತ್ತದೆ.

ಈಗ ಟೈಮಿಂಗ್

ಮೊದಲು ಒಂದನೇ ಸಿಲಿಂಡರಿನ ಟಿಡಿಸಿ. ಅದರ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳಿಟ್ಟು, ಇಂಜಿನ್ನನ್ನು ಕೈಯಿಂದ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್ ಹೊಡೆತ. ಇದನ್ನು ನೋಡದೆ ಪುಲ್ಲಿಯ ಗುರುತನ್ನಷ್ಟೇ ನಂಬಿ ಡಿಸ್ಟ್ರಿಬ್ಯೂಟರ್ ಕೂರಿಸಿದರೆ ಅರ್ಧ ಸುತ್ತು ತಪ್ಪಿ, ಇಂಜಿನ್ ಹತ್ತದೆ ಕಾರ್ಬುರೇಟರಿನಲ್ಲಿ ಉಗುಳುತ್ತದೆ. ವೈರುಗಳ ಕ್ರಮವನ್ನೂ ಆಗಲೇ ನೋಡಿ. ನಾಲ್ಕು ಸಿಲಿಂಡರಿನವು ಬಹಳಷ್ಟು 1-3-4-2, ಫೋರ್ಡ್ ಕೆಂಟ್ ಇಂಜಿನ್ನಿನಂಥ ಕೆಲವು 1-2-4-3. ಸಾಲಾಗಿರುವ ಆರು ಸಿಲಿಂಡರಿನವು ಸಾಮಾನ್ಯವಾಗಿ 1-5-3-6-2-4.

ಇಂಜಿನ್ ಓಡಿಸದೆ ಇಡುವ ಟೈಮಿಂಗಿಗೆ ಟೆಸ್ಟ್ ಲ್ಯಾಂಪ್ ಸಾಕು. ಕ್ರ್ಯಾಂಕನ್ನು ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ತಂದು ನಿಲ್ಲಿಸಿ. ಕಾಯಿಲಿನ ಪಾಯಿಂಟ್ ಕಡೆಯ ಟರ್ಮಿನಲ್ಲಿಗೂ ಬಾಡಿಗೂ ಲ್ಯಾಂಪ್ ಹಾಕಿ, ಇಗ್ನಿಷನ್ ಆನ್ ಮಾಡಿ. ಡಿಸ್ಟ್ರಿಬ್ಯೂಟರ್ ಮೈಯನ್ನು ರೋಟರ್ ತಿರುಗುವ ದಿಕ್ಕಿಗೆ ಸ್ವಲ್ಪ ತಿರುಗಿಸಿ ಲ್ಯಾಂಪ್ ಆರಿಸಿ, ಮತ್ತೆ ಎದುರು ದಿಕ್ಕಿಗೆ ಮೆಲ್ಲಗೆ ತನ್ನಿ. ಲ್ಯಾಂಪ್ ಹತ್ತಿದ ಜಾಗದಲ್ಲಿ ಪಾಯಿಂಟ್ ತೆರೆದಿದೆ, ಅಲ್ಲೇ ಬಿಗಿ ಮಾಡಿ. ರೋಟರಿನ ಎದುರು ದಿಕ್ಕು ಅಡ್ವಾನ್ಸ್, ರೋಟರಿನ ದಿಕ್ಕು ರಿಟಾರ್ಡ್. ಎಲ್ಲ ಡಿಸ್ಟ್ರಿಬ್ಯೂಟರಿಗೂ ಇದೇ ನಿಯಮ.

ಆಮೇಲೆ ಟೈಮಿಂಗ್ ಲೈಟ್. ವ್ಯಾಕ್ಯೂಮ್ ಪೈಪನ್ನು ಮ್ಯಾನ್ಯುಯಲ್ ಹೇಳಿದಂತೆ ಬಿಡಿಸಿ ಅದರ ಬಾಯಿ ಮುಚ್ಚಿ, ಐಡ್ಲಿಂಗನ್ನು ಹೇಳಿದ ವೇಗಕ್ಕೆ ಇಳಿಸಿ. ಐಡ್ಲಿಂಗ್ 1200ರಲ್ಲಿದ್ದರೆ ತೂಕದ ತುಂಡುಗಳು ಆಗಲೇ ತೆರೆಯಲು ಶುರುವಾಗಿ, ಅಂಕಿ ಸುಳ್ಳಾಗುತ್ತದೆ. ಗುರುತಿನ ಮೇಲೆ ಸೀಮೆಸುಣ್ಣ ಬಳಿಯಿರಿ. ಲೈಟಿನ ಬೆಳಕಲ್ಲಿ ತಿರುಗುವ ಫ್ಯಾನ್ ನಿಂತಂತೆ ಕಾಣುತ್ತದೆ, ಕೈ ಹಾಕಿದರೆ ಬೆರಳು ಹೋಗುತ್ತದೆ. ವೈರು, ತೋಳು, ಸೆರಗು ಎಲ್ಲ ದೂರವಿರಲಿ.

ಗುರುತು ನೆಟ್ಟಗೆ ನಿಲ್ಲದೆ ಎರಡು ಮೂರು ಡಿಗ್ರಿ ಅಲುಗಾಡಿದರೆ ಶಾಫ್ಟ್ ಬುಷ್ ಅಥವಾ ಟೈಮಿಂಗ್ ಚೈನ್ ಸಡಿಲ. ನಾಲ್ಕು ಸಿಲಿಂಡರಿನಲ್ಲಿ ಕ್ಲಿಪ್ಪನ್ನು ನಾಲ್ಕನೆಯ ವೈರಿಗೂ ಹಾಕಿ ನೋಡಿ, ಅದೂ ಅದೇ ಗುರುತಿಗೆ ಬೀಳಬೇಕು. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಮ್ ಸವೆದಿದೆ ಅಥವಾ ಶಾಫ್ಟ್ ಬಾಗಿದೆ. ಚೈನಿಗೆ ಬೇರೆ ಪರೀಕ್ಷೆ ಇದೆ: ಕ್ಯಾಪ್ ತೆಗೆದು, ಕ್ರ್ಯಾಂಕನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ರೋಟರ್ ಚಲಿಸುವ ಮೊದಲು ಪುಲ್ಲಿ ಎಷ್ಟು ಡಿಗ್ರಿ ತಿರುಗಿತು ನೋಡಿ. ಹತ್ತು ಡಿಗ್ರಿ ಸಮೀಪಿಸಿದರೆ ಚೈನ್ ಮುಗಿದಿದೆ.

ಐಡ್ಲಿಂಗಿನ ಅಂಕಿ ಸರಿಯಾಯಿತು ಎಂದು ಲೈಟ್ ಎತ್ತಿಡುವವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದ ಭಾಗ ಆಗಷ್ಟೇ ಶುರು. ಕಾರು ರಸ್ತೆಯಲ್ಲಿ ಓಡುವುದು ಐಡ್ಲಿಂಗಿನಲ್ಲಿ ಅಲ್ಲ. ವ್ಯಾಕ್ಯೂಮ್ ಮುಚ್ಚಿಟ್ಟೇ ನಿಧಾನವಾಗಿ 3000 ಆರ್‌ಪಿಎಂವರೆಗೆ ಏರಿಸಿ. ಗುರುತು ಸಲೀಸಾಗಿ ಮುಂದೆ ಸರಿದು, ಹಲವು ಹಳೆಯ ಇಂಜಿನ್‌ಗಳಲ್ಲಿ 28ರಿಂದ 34 ಡಿಗ್ರಿಯ ನಡುವೆ ನಿಲ್ಲುತ್ತದೆ. ಪುಲ್ಲಿಯ ಮೇಲೆ ಅಷ್ಟು ಗುರುತಿರದಿದ್ದರೆ ನೀವೇ ಮಾಡಿಕೊಳ್ಳಿ: 150 ಮಿ.ಮೀ. ವ್ಯಾಸದ ಪುಲ್ಲಿಯ ಸುತ್ತಳತೆ 471 ಮಿ.ಮೀ., ಒಂದು ಡಿಗ್ರಿಗೆ 1.3 ಮಿ.ಮೀ., 30 ಡಿಗ್ರಿಗೆ 39 ಮಿ.ಮೀ. ಗುರುತು ಸರಿಯದೇ ಇದ್ದರೆ ತೂಕಗಳು ತುಕ್ಕು ಹಿಡಿದು ಅಂಟಿವೆ. ಐಡ್ಲಿಂಗ್ ಚೆನ್ನಾಗಿದ್ದೂ ಪಿಕಪ್ ಇಲ್ಲದ ಕಾರು ಇದು. 1500ಕ್ಕೇ ಪೂರ್ತಿ ಸರಿದರೆ ಸ್ಪ್ರಿಂಗ್ ತುಂಡಾಗಿದೆ, ಕಡಿಮೆ ವೇಗದಲ್ಲಿ ನಾಕಿಂಗ್ ಬರುತ್ತದೆ. ಇಂಜಿನ್ ನಿಲ್ಲಿಸಿ ರೋಟರನ್ನು ಅದರ ದಿಕ್ಕಿಗೆ ತಿರುಚಿ ಬಿಟ್ಟರೆ ಪುಟಿದು ಹಿಂದೆ ಬರಬೇಕು. ವ್ಯಾಕ್ಯೂಮ್‌ಗೆ ಪೈಪನ್ನು ಬಾಯಲ್ಲಿ ಹೀರಿ ನಾಲಿಗೆಯಿಂದ ಮುಚ್ಚಿ. ಬೇಸ್ ಪ್ಲೇಟ್ ಸರಿದು ಹಾಗೇ ನಿಲ್ಲಬೇಕು. ಮೆಲ್ಲಗೆ ಹಿಂದೆ ಜಾರಿದರೆ ಡಯಾಫ್ರಮ್ ಸೋರುತ್ತಿದೆ.

ಗುರುತೇ ಸುಳ್ಳು ಹೇಳುವುದೂ ಉಂಟು. ರಬ್ಬರಿನಿಂದ ಬೆಸೆದ ಎರಡು ಉಂಗುರದ ಪುಲ್ಲಿಯಲ್ಲಿ ಹೊರಗಿನ ಉಂಗುರ ಜಾರಿದರೆ ಗುರುತೂ ಅದರ ಜೊತೆ ಜಾರುತ್ತದೆ. ಲೈಟ್ ಪ್ರಕಾರ ಎಲ್ಲ ಸರಿ, ಇಂಜಿನ್ ಮಾತ್ರ ಒಪ್ಪುವುದಿಲ್ಲ. ಬ್ಯಾಟರಿಯ ವೈರ್ ಬಿಡಿಸಿ, ಎಲ್ಲ ಪ್ಲಗ್ ತೆಗೆದು, ಒಂದನೇ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ (ಪಿಸ್ಟನ್ನನ್ನು ತಡೆಯುವ ಬೋಲ್ಟ್) ತಿರುಚಿ, ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಪಿಸ್ಟನ್ ತಾಗಿದಲ್ಲಿ ಗುರುತು ಹಾಕಿ. ಎದುರು ದಿಕ್ಕಿಗೆ ತಿರುಗಿಸಿ ತಾಗಿದಲ್ಲಿ ಇನ್ನೊಂದು ಗುರುತು. ಇವೆರಡರ ಸರಿಯಾದ ನಡು ಬಿಂದುವೇ ನಿಜವಾದ ಟಿಡಿಸಿ. ಪುಲ್ಲಿಯ ಸೊನ್ನೆ ಅದಕ್ಕೆ ಹೊಂದದಿದ್ದರೆ ಪುಲ್ಲಿ ಬದಲಿಸಿ. ಜಾರಿದ ಉಂಗುರ ಮುಂದೊಂದು ದಿನ ಕಳಚಿಯೇ ಬರಬಹುದು.

ಕೊನೆಗೆ ರಸ್ತೆಯಲ್ಲಿ ಓಡಿಸಿ ನೋಡಿ. ಇಂಜಿನ್ ಬಿಸಿಯಿದ್ದಾಗ ಸೆಲ್ಫ್ ತಡೆದು ತಡೆದು ತಿರುಗಿದರೆ, ಇಲ್ಲವೇ ಏರಿನಲ್ಲಿ ಲೋಹದ ಟಕಟಕ ಸದ್ದು ಕೇಳಿದರೆ ಅಡ್ವಾನ್ಸ್ ಹೆಚ್ಚಾಗಿದೆ. ಎರಡು ಡಿಗ್ರಿ ಕಡಿಮೆ ಮಾಡಿ ಮತ್ತೆ ಓಡಿಸಿ. ಕಾರು ಜಡವಾಗಿ, ನೀರು ಬೇಗ ಕಾದು, ಸೈಲೆನ್ಸರಿನಲ್ಲಿ ಆಗಾಗ ಸಿಡಿದರೆ ರಿಟಾರ್ಡ್ ಆಗಿದೆ. ವ್ಯಾಕ್ಯೂಮ್ ಗೇಜ್ ಇದ್ದರೆ ಅದರ ಮುಳ್ಳು ಅಲುಗಾಡದೆ, ಇರಬೇಕಾದ್ದಕ್ಕಿಂತ ಎರಡು ಮೂರು ಇಂಚು (ಪಾದರಸದ ಲೆಕ್ಕದಲ್ಲಿ) ಕೆಳಗೆ ನಿಂತಿರುವುದೂ ರಿಟಾರ್ಡಿನ ಗುರುತೇ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಇಂಜಿನ್ ಐಡ್ಲಿಂಗಿನಲ್ಲಿ 17ರಿಂದ 21 ಇಂಚು ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಒಂದು ಇಂಚು ಕಳೆಯಿರಿ.

ಬೋಲ್ಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಲೈಟ್ ಹಿಡಿಯಲೇಬೇಕು, ಬಿಗಿಯುವಾಗ ಮೈ ಒಂದೆರಡು ಡಿಗ್ರಿ ಸರಿಯುವುದು ಸಾಮಾನ್ಯ. ಹೊಸ ಪಾಯಿಂಟ್ ಹಾಕಿದ್ದರೆ ಅದರ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಕ್ಯಾಮ್‌ಗೆ ಹೊಂದಿಕೊಳ್ಳುತ್ತ ಬೇಗ ಸವೆಯುತ್ತದೆ. 500 ಕಿಲೋಮೀಟರ್ ಓಡಿದ ಮೇಲೆ ಡ್ವೆಲ್ ನೋಡಿ, ಬೇಕಿದ್ದರೆ ಸರಿಪಡಿಸಿ, ಅದರ ಮೇಲೆ ಟೈಮಿಂಗ್ ಇನ್ನೊಮ್ಮೆ ಇಡಿ.